ಬುಟ್ಟಿಯ ಕೆಳಗಿನ ಹುಲಿ

ನಮ್ಮ ಅಂಗಡಿಗೆ ಹೊಸದಾಗಿ ಬಂದವರು ಮೊದಲು ನಗುವುದು ನನ್ನ ಟವೆಲ್ಲುಗಳನ್ನು ನೋಡಿ. ಬೆಳಗಾವಿಯ ಟಿಳಕವಾಡಿಯ ಒಂದು ಒಳಓಣಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕಕ್ಕೆ, ನನ್ನದೊಂದು ವಿಡಿಯೋ ಗೇಮಿನ ಅಂಗಡಿ ಇದೆ. ನಾಲ್ಕು ಟಿವಿ, ಅವಕ್ಕೆ ತಕ್ಕಷ್ಟು ಆಟದ ಪೆಟ್ಟಿಗೆಗಳು, ವಯರು ಸುತ್ತಿಕೊಂಡು ಜಡೆಯಾಗಿರುವ ಒಂದು ರಾಶಿ ರಿಮೋಟು. ಯಾವ ಟಿವಿಯ ಮುಂದಿನಿಂದ ಗಿರಾಕಿ ಎದ್ದನೋ, ನಾನು ಹೋಗಿ ಅದರ ಮೇಲೆ ಒಂದು ಟವೆಲ್ಲು ಹೊದಿಸಿ ಬರುತ್ತೇನೆ.

"ಕಾಕಾ ಟಿವಿಗಿ ಸೆರಗ ಹೊಚ್ಚಾಕತ್ತಾರ ನೋಡ್ರೋ!"

"ಧೂಳ ಬೀಳ್ತೈತಪಾ, ಗಿರಣಿ ಬಾಜು ಅಲ್ಲೇನ?" ಎನ್ನುತ್ತೇನೆ. ಅದು ಸುಳ್ಳು. ಹಿಟ್ಟಿನ ಧೂಳು ನನ್ನ ತಲೆಯ ಮೇಲೂ ಬೀಳುತ್ತದೆ. ತಲೆಯ ಮೇಲೆ ನಾನು ಟವೆಲ್ಲು ಹಾಕಿಕೊಳ್ಳುವುದಿಲ್ಲ.

ಈ ಯಂತ್ರಗಳಿಗೆ ಒಂದು ಗುಣವಿದೆ. ಯಾರೂ ಮುಟ್ಟದೆ ಸ್ವಲ್ಪ ಹೊತ್ತು ಬಿಟ್ಟರೆ ಅವು ತಾವೇ ಆಡಲು ಸುರುಮಾಡುತ್ತವೆ. ಗಿರಾಕಿಯನ್ನು ಕರೆಯಲಿಕ್ಕೆ ಹಾಗೆ ಮಾಡಿರುತ್ತಾರೆ ಎಂದು ಪೆಟ್ಟಿಗೆ ಮಾರಿದವನು ಹೇಳಿದ್ದ. ಇರಬಹುದು. ಆದರೆ ಮಳೆಗಾಲದ ಮಧ್ಯಾಹ್ನ ಅಂಗಡಿಯಲ್ಲಿ ನೀವೊಬ್ಬರೇ ಇದ್ದೀರಿ ಎನ್ನಿ. ಕುರ್ಚಿ ಖಾಲಿ, ರಿಮೋಟು ನೆಲದ ಮೇಲೆ. ಪರದೆಯೊಳಗೆ ಮಾತ್ರ ಒಬ್ಬ ಮನುಷ್ಯ ಓಡುತ್ತಾನೆ, ಹಾರುತ್ತಾನೆ, ನಿಂತು ಹಿಂದೆ ನೋಡುತ್ತಾನೆ, ಅದೇ ಹಳ್ಳದಲ್ಲಿ ಬಿದ್ದು ಸಾಯುತ್ತಾನೆ, ಮತ್ತೆ ಮೊದಲಿನಿಂದ ಎದ್ದು ಬರುತ್ತಾನೆ. ನೀವೂ ಟವೆಲ್ಲು ಹುಡುಕುತ್ತೀರಿ. ಆಡುತ್ತಿರುವವರು ಯಾರು ಎಂಬ ಪ್ರಶ್ನೆಯನ್ನು ಒಬ್ಬರೇ ಇದ್ದಾಗ ಕೇಳಿಕೊಳ್ಳಬಾರದು.

ಮುಚ್ಚುವ ಈ ಚಟ ನನಗೆ ಬೆಳಗಾವಿಯಲ್ಲಿ ಹತ್ತಿದ್ದಲ್ಲ. ಇದು ನನ್ನ ಹುಟ್ಟೂರು ಬೀಡಿಯಿಂದ ಬಂದದ್ದು.

ಬೀಡಿಯ ನಮ್ಮ ಮನೆಯಲ್ಲಿ ಹುಲಿ-ಕುರಿ ಆಟದ ಒಂದು ಹಲಗೆ ಇತ್ತು. ಹಲಸಿನ ಕಟ್ಟಿಗೆಯದು, ಅಪ್ಪನೇ ಉಳಿ ಹಿಡಿದು ಗೆರೆ ಕೊರೆದದ್ದು. ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು ಹೇಳಿಬಿಡುತ್ತೇನೆ. ಒಬ್ಬರ ಕಡೆ ಮೂರು ಹುಲಿ, ಇನ್ನೊಬ್ಬರ ಕಡೆ ಹದಿನೈದು ಕುರಿ. ಗೆರೆಗಳು ಕೂಡುವ ಜಾಗಕ್ಕೆ ಮನೆ ಎನ್ನುತ್ತಾರೆ. ಕುರಿಯ ಆಚೆಯ ಮನೆ ಖಾಲಿ ಇದ್ದರೆ ಹುಲಿ ಕುರಿಯನ್ನು ಹಾರಿ ತಿಂದು ಅಲ್ಲಿ ಕೂಡುತ್ತದೆ. ಮೂಲೆಯ ಮನೆಯಲ್ಲಿ ಕೂತ ಹುಲಿ ಮಾತ್ರ ಹಾರುವಂತಿಲ್ಲ, ನಡೆದೇ ಹೊರಗೆ ಬರಬೇಕು; ಅದು ನಮ್ಮ ಮನೆಯ ನಿಯಮ. ಕುರಿಗಳು ಹುಲಿಗಳನ್ನು ಎತ್ತಲೂ ಅಲ್ಲಾಡದಂತೆ ಸುತ್ತುಗಟ್ಟಿದರೆ ಕುರಿಯವರು ಗೆದ್ದ ಹಾಗೆ. ನಮ್ಮಲ್ಲಿ ಹುಲಿಗೆ ಗೇರುಬೀಜ, ಕುರಿಗೆ ಹುಣಸೆಬೀಜ. ಕವಡೆ ಇಲ್ಲ, ದಾಳ ಇಲ್ಲ. ಸೋತರೆ ದೈವದ ಮೇಲೆ ಹಾಕಲಿಕ್ಕೆ ಬರುವುದಿಲ್ಲ. ತಲೆ ಓಡಬೇಕು, ಅಷ್ಟೆ.

ಆಟದ ನಡುವೆ ಎದ್ದುಹೋಗಬೇಕಾದರೆ ಹಲಗೆಯ ಮೇಲೆ ಬುಟ್ಟಿ ಕವುಚಬೇಕು ಎಂಬುದು ನಮ್ಮ ಮನೆಯ ರೂಢಿ. "ತೆರದ ಬಿಟ್ಟ ಆಟಕ್ಕ ಹ್ವಾದವರು ಬಂದು ಕುಂದರ್ತಾರ" ಎನ್ನುತ್ತಿದ್ದಳು ಅವ್ವ. ಹೋದವರು ಎಂದರೆ ಸಂತೆಗೆ ಹೋದವರಲ್ಲ. ನಮ್ಮ ಮುತ್ಯಾ, ಅಪ್ಪನ ಅಪ್ಪ, ಒಂದು ಮಧ್ಯಾಹ್ನ ಆಟದ ನಡುವೆಯೇ, ಕೈಯಲ್ಲಿ ಗೇರುಬೀಜ ಹಿಡಿದು ವಿಚಾರ ಮಾಡುತ್ತ ಮಾಡುತ್ತ, ಕಂಬಕ್ಕೆ ಒರಗಿದವನು ಒರಗಿದಂತೆಯೇ ಹೋಗಿಬಿಟ್ಟನಂತೆ. ಎದುರಿಗೆ ಕೂತವನು ಬಹಳ ಹೊತ್ತು ಅವನ ಆಟಕ್ಕಾಗಿ ಕಾಯುತ್ತ ಕೂತಿದ್ದನಂತೆ. ಆಮೇಲೆ ಮುಷ್ಟಿ ಬಿಡಿಸಲಿಕ್ಕೆ ಬರಲಿಲ್ಲವಂತೆ; ಬೀಜದ ಸಮೇತವೇ ಒಯ್ದರಂತೆ. ಅಂದಿನಿಂದ ಬುಟ್ಟಿ.

ನನಗಿಂತ ದೊಡ್ಡವಳು ಗೌರಕ್ಕ. ನಾವಿಬ್ಬರು ಒಂದು ದಿನ ಆಡುತ್ತಿರುವಾಗ ಬಾಗಿಲಿಗೆ ಬಳೆಗಾರ ಬಂದ. ಬುಟ್ಟಿ ಮರೆತು ಓಡಿದೆವು. ತಿರುಗಿ ಬಂದು ನೋಡಿದರೆ ಹುಲಿಯೊಂದು ಬೇರೆ ಮನೆಯಲ್ಲಿ ಕೂತಿದೆ, ಕುರಿಯೊಂದು ಹಲಗೆಯ ಹೊರಗೆ ಬಿದ್ದಿದೆ. ನನಗೆ ಮೈ ಕಾದು, ಅವ್ವ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಗೌರಕ್ಕ ಹಗಲೆಲ್ಲ ಕೂತು ಗಾಳಿ ಬೀಸಿದಳು. ಎಷ್ಟೋ ವರ್ಷದ ಮೇಲೆ, ಅವಳ ಮದುವೆಗೆ ಅರಿಶಿನ ಹಚ್ಚುವ ಹೊತ್ತಿನಲ್ಲಿ, ನನ್ನ ಕಿವಿಯಲ್ಲಿ ಹೇಳಿದಳು: "ಅವತ್ತ ಹುಲಿ ಸರಿಸಿದಾಕಿ ನಾನಽ, ಹೇಡಿ. ನೀ ಬಳಗಾರನ ಪೆಟಗಿಯೊಳಗ ಮಾರಿ ಹಾಕಿದ್ದಿ."

ಅವಳನ್ನು ಖಾನಾಪುರಕ್ಕೆ ಕೊಟ್ಟರು. ಹಾಂಡೆ ಕೊಳಗದ ಸಂಗಡ ಹಲಗೆಯನ್ನೂ ಕೇಳಿ ಇಸಿದುಕೊಂಡು ಹೋದಳು. ನಾನು ಮೆಟ್ರಿಕ್ ಮುಗಿಸಿ ಬೆಳಗಾವಿಯ ಒಂದು ಛಾಪಖಾನೆಯಲ್ಲಿ ಅಚ್ಚಿನ ಮೊಳೆ ಜೋಡಿಸಲು ಸೇರಿದೆ. ಬಿಡುವಿದ್ದ ದಿನ ಪ್ಯಾಸೆಂಜರ್ ಗಾಡಿ ಹಿಡಿದು ಖಾನಾಪುರಕ್ಕೆ ಹೋಗುವುದು, ಅಕ್ಕನ ಕೈಯ ರೊಟ್ಟಿ ತಿನ್ನುವುದು, ಅಕ್ಕನ ಕೈಯಿಂದ ಸೋಲುವುದು. ಅವಳದು ಯಾವಾಗಲೂ ಕುರಿ, ನನ್ನದು ಹುಲಿ. ಹುಲಿಯಾಗಿ ನಾನು ಗೆದ್ದದ್ದು ಕಡಿಮೆ. ಅವಳು ಒಂದು ಕುರಿ ಸರಿಸಲಿಕ್ಕೆ ತೆಗೆದುಕೊಳ್ಳುವ ಹೊತ್ತಿನಲ್ಲಿ ನನಗೆ ಒಂದು ನಿದ್ದೆ ಆಗುತ್ತಿತ್ತು. ಗೆಲುವು ಕೈಯಲ್ಲಿದ್ದಾಗಲಂತೂ ಇನ್ನೂ ಸಾವಕಾಶ.

"ಲಗೂನ ಆಡ ಅಕ್ಕಾ, ಗಾಡಿ ತಪ್ಪತೈತಿ."

"ತಡಿಯೋ. ಇಚಾರ ಮಾಡಾಕ ಬಿಡು. ಹುಲಿ ಏನ ಎದ್ದು ಓಡಿ ಹೊಕ್ಕೈತೇನ?"

ಛಾಪಖಾನೆಗೆ ಕಂಪ್ಯೂಟರು ಬಂದು ಮೊಳೆಗಳೆಲ್ಲ ತೂಕಕ್ಕೆ ಹೋದವು. ಅವುಗಳ ಹಿಂದೆ ನಾನೂ ಹೊರಗೆ ಬಂದೆ. ಅಕ್ಷರಗಳನ್ನು ಉಲ್ಟಾ ಓದುವ ವಿದ್ಯೆ ಒಂದನ್ನು ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಅದು ಕನ್ನಡಿಯಲ್ಲಿ ಅಂಗಡಿಯ ಬೋರ್ಡು ಓದಲಿಕ್ಕೆ ಬರುತ್ತದೆ, ಅಷ್ಟೆ. ನನ್ನನ್ನು ಹೊರಗೆ ಹಾಕಿದ ಜಾತಿಯ ಯಂತ್ರವನ್ನೇ ನಂಬಿ ಗೇಮಿನ ಅಂಗಡಿ ತೆಗೆದೆ. ಸೋಮವಾರ ಮಾತ್ರ ಬಾಗಿಲು ಹಾಕಿ ಖಾನಾಪುರಕ್ಕೆ ಹೋಗುವುದನ್ನು ಬಿಡಲಿಲ್ಲ.

ಗಿರಾಕಿಗಳೆಂದರೆ ಹುಡುಗರೇ ಎಂದು ತಿಳಿಯಬೇಡಿ. ನನ್ನ ಕಾಯಂ ಗಿರಾಕಿ ಮಿಲಿಂದ, ಹೆಂಡತಿ ಮಕ್ಕಳಿರುವ ಗೃಹಸ್ಥ. ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆ. ಊಟದ ಬಿಡುವಿನಲ್ಲಿ ಕೊರಳ ಟಾಯಿಯನ್ನು ಬಿಚ್ಚಿ ಕಿಸೆಯಲ್ಲಿ ತುರುಕಿಕೊಂಡು ಬರುವವನು. ಹೊಸ ಆಟ ಬಂದ ಮೊದಲ ದಿನ ಬಂದು ಎರಡನೇ ದಿನ ಅದನ್ನು ಬೈಯುವುದು ಅವನ ಪದ್ಧತಿ.

"ಕಾಯ್ ಹೋ ಕಾಕಾ, ಇದೇನ ಆಟರೀ? ಬಾಣಾ ತೋರಸ್ತೈತಿ. ಇಲ್ಲೆ ಹೋಗು, ಇಲ್ಲೆ ಹಾರು, ಇಲ್ಲೆ ಹೊಡಿ. ಹಂಗಾರ ನಾ ಯಾಕ ಬೇಕು? ನಾನೇನ ಇದರ ಕೂಲಿಯಾಂವೇನ್ರಿ?"

"ಚಿತ್ರಾ ಭಾಳ ಚಂದ ಅದಾವಲ್ಲೋ."

"ಚಿತ್ರಾ ತಗೊಂಡ ಏನ ಮಾಡೂದ್ರಿ? ನಾ ಕಂಪ್ಯೂಟರ್ ಕ್ಲಾಸಿಗಿ ಹೊಕ್ಕಿದ್ದಾಗ ಹಸರ ಅಕ್ಷರದ ಒಂದ ಆಟ ಇತ್ತು. ಚಿತ್ರಾನ ಇಲ್ಲ. ಕತ್ತಲಿ ಕ್ವಾಣ್ಯಾಗ ಅದಿ, ಏನ ಮಾಡ್ತಿ ಹೇಳು ಅಂತ ಕೇಳೂದು. ಒಂದ ಬಾಗಲಾ ತೆಗ್ಯಾಕ ನನಗ ಇಡೀ ಮಳಗಾಲ ಹಿಡೀತು. ಹಲ್ಲ ತಿಕ್ಕೂ ಮುಂದ ಅದ ಬಾಗಲಾ, ಊಟಕ್ಕ ಕುಂತ್ರ ಅದ ಬಾಗಲಾ."

"ತೆಗೀತೇನ ಕಡೀಕ?"

"ತೆಗೀತ್ರಿ. ಒಳಗ ಇನ್ನೊಂದ ಕತ್ತಲಿ ಕ್ವಾಣಿ ಇತ್ತು." ಅದನ್ನು ಹೇಳುವಾಗ ಅವನ ಮುಖ ಅರಳಿದ್ದನ್ನು ನೋಡಬೇಕಿತ್ತು. "ಆ ಖುಷಿ ಮತ್ತ ಸಿಗಲಿಲ್ಲ ಬಿಡ್ರಿ ಕಾಕಾ."

ಒಂದು ದಿನ ಹೊಸ ಆಟದಲ್ಲಿ ಅವನು ಕೊನೆಯ ರಾಕ್ಷಸನನ್ನು ಹೊಡೆದು ಹಾಕಿದ. ಪರದೆಯ ತುಂಬ ಪಟಾಕಿ. ಮಿಲಿಂದ ಮಾತ್ರ ರಿಮೋಟು ಕೆಳಗಿಟ್ಟು ಮೋರೆ ಗಂಟಿಕ್ಕಿ ಕೂತ.

"ಗೆದ್ದಿ ಅಲ್ಲೋ ಮಾರಾಯಾ, ನಗು!"

"ಗೆದ್ದಿಲ್ರಿ, ಗೆಲ್ಲಿಸ್ಯಾರ. ನಾ ಮ್ಯಾಲಿಂದ ಮ್ಯಾಲ ಸತ್ತೆ. ಕಡೀಕ ಆ ರಾಕ್ಷಸ ಕೈ ಕೆಳಗ ಬಿಟಗೊಂಡು ನಿಂತ, ಹೊಡಕೋ ಪಾಪ ಅಂದಂಗ. ಮಶೀನಿನ ಕಡಿಂದ ಪಾಪ ಅನಿಸಿಕೊಂಡ ಮ್ಯಾಲ ಮನಿಗಿ ಹೋಗಿ ಹೆಣತಿಗಿ ಏನ ಮಾರಿ ತೋರಸ್ಲಿ?"

ನಾನು ನಕ್ಕೆ. ಆದರೆ ಅವನನ್ನು ಗೆಲ್ಲಿಸಿದ್ದರಲ್ಲಿ ನನ್ನ ಕೈಯೂ ಇತ್ತು. ಈ ಆಟಗಳ ಮೊದಲ ಪರದೆಯಲ್ಲಿ ಸುಲಭ, ಮಧ್ಯಮ, ಕಠಿಣ ಎಂದು ಮೂರು ಇರುತ್ತವೆ. ಬೆಳಿಗ್ಗೆ ಬಾಗಿಲು ತೆಗೆದೊಡನೆ ನಾನು ಯಾರಿಗೂ ಹೇಳದೆ ಎಲ್ಲವನ್ನೂ ಸುಲಭಕ್ಕೆ ತಿರುಗಿಸಿ ಇಡುತ್ತಿದ್ದೆ. ಗೆದ್ದ ಗಿರಾಕಿ ನಗುತ್ತ ಹೋಗುತ್ತಾನೆ, ನಗುತ್ತ ಹೋದವನು ನಾಳೆ ಬರುತ್ತಾನೆ ಎಂಬುದು ನನ್ನ ಲೆಕ್ಕ. ಅದರಲ್ಲಿ ಕೆಡುಕೇನಿದೆ ಎಂದು ಆಗ ನಿಜವಾಗಿಯೂ ಹೊಳೆದಿರಲಿಲ್ಲ.

ಗೌರಕ್ಕನಿಗೆ ಲಕ್ವಾ ಹೊಡೆದದ್ದು ಆ ವರ್ಷವೇ. ಬಲಗೈ, ಬಲಗಾಲು ಹೋದವು. ಮಾತು ತೊದಲಿದರೂ ಉಳಿಯಿತು. ಅವಳ ಮಗ ಶಿವಾನಂದ ಹೆಂಚಿನ ಕಾರ್ಖಾನೆಗೆ ಹೋಗುವವನು. ಸೊಸೆ ಸುನಂದಾ ಒಳ್ಳೆಯ ಹೆಣ್ಣುಮಗಳು, ಅತ್ತೆಯನ್ನು ಎತ್ತಿ ಇಳಿಸಿ ಮಾಡುತ್ತಿದ್ದಳು. ಆದರೆ ಮನೆಯ ಕೀಲಿಕೈಗಳ ಗೊಂಚಲು ಮಾತ್ರ ಅಕ್ಕನ ಸೊಂಟದಲ್ಲೇ ಇತ್ತು.

ಒಂದು ಸೋಮವಾರ ನಾನು ಹೋದಾಗ ಅಕ್ಕ ಮಂಚದ ಪಕ್ಕದ ಸ್ಟೂಲಿನ ಮೇಲೆ ಹಲಗೆ ಇಡಿಸಿಕೊಂಡಿದ್ದಳು. ಎಡಗೈಯಿಂದ ಹುಣಸೆಬೀಜ ಜೋಡಿಸುತ್ತ ಹೇಳಿದಳು:

"ಬಸ್ಯಾ, ಎಲ್ಲಾರೂ ನನಗ ಈಗ ಹೂಂ ಹೂಂ ಅಂತಾರ. ನಾ ತಪ್ಪ ಹೇಳಿದ್ರೂ ಹೂಂ, ಬರೋಬರಿ ಹೇಳಿದ್ರೂ ಹೂಂ. ನನ್ನ ತಲಿ ಐತೋ ಇಲ್ಲೋ ನನಗ ಗೊತ್ತಾಗೂದು ಈ ಹಲಗ್ಯಾಗ ಅಷ್ಟ. ನೀ ಖರೇ ಆಡಬೇಕು. ನನ್ನ ತಲಿ ಹೊಂಟಿದ ದಿನಾ ಕೀಲಿಕೈ ನಾನಽ ಬಿಚ್ಚಿ ಸುನಂದಾಗ ಕೊಡ್ತೀನಿ. ಮತ್ತೊಬ್ರು ನನ್ನ ಸ್ವಂಟಕ್ಕ ಕೈ ಹಾಕೂದು ಬ್ಯಾಡ."

"ಆತ ಬಿಡಕ್ಕಾ, ಖರೇ ಆಡ್ತೀನಿ" ಎಂದೆ.

ಸುರುವಿನಲ್ಲಿ ಖರೇ ಆಡಿದೆ. ಅವಳು ಗೆದ್ದಳು, ನಾನೂ ಗೆದ್ದೆ. ಮಳೆ ಹಿಡಿದ ಮೇಲೆ ಒಂದು ಸೋಮವಾರ ಅವಳು ಸಾಲಾಗಿ ಸೋತಳು. ಸೋತು, ಹಲಗೆಯನ್ನೇ ನೋಡುತ್ತ, "ಹೊಂಟಿತೇನೋ ಇದು?" ಎಂದಳು. ಎಡಗೈ ತಾನಾಗಿಯೇ ಸೊಂಟದ ಕಡೆ ಹೋಯಿತು. ಆ ಕೈ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಮುಂದಿನ ಸೋಮವಾರ ನಾನು ಮಾಡಿದ್ದನ್ನು ಹೇಳಲಿಕ್ಕೆಂದೇ ಇಷ್ಟೆಲ್ಲ ಸುತ್ತಿ ಬಂದೆ. ನನ್ನನ್ನು ನಾನು ಸುಲಭಕ್ಕೆ ತಿರುಗಿಸಿ ಇಟ್ಟುಕೊಂಡೆ. ತಿನ್ನುವ ಕುರಿಯನ್ನು ತಿನ್ನದೆ ಬಿಟ್ಟೆ. ಹುಲಿಯನ್ನು ತಿರುಗಾಡಿಸಿ ಬೇಕಂತಲೇ ಸಿಕ್ಕಿಹಾಕಿಕೊಂಡೆ. ಅಕ್ಕ ಗೆದ್ದಳು. ಅವತ್ತು ಇನ್ನೊಂದು ರೊಟ್ಟಿ ಕೇಳಿ ಉಂಡಳಂತೆ. ಸುನಂದಾ ಬಾಗಿಲ ತನಕ ಬಂದು, "ಮಾಮಾ, ನೀವು ಬಂದ್ರ ಅತ್ತಿಯಾರ್ಗಿ ಜೀವಾ ಬರ್ತೈತ್ರಿ" ಎಂದಳು. ಇದಕ್ಕಿಂತ ಪುಣ್ಯದ ಕೆಲಸ ಯಾವುದಿದೆ ಎಂದುಕೊಂಡು ಗಾಡಿ ಹತ್ತಿದೆ. ಅದರ ಮುಂದಿನ ಸೋಮವಾರ ಮತ್ತೆ ಹಾಗೆಯೇ ಮಾಡಿದೆ. ಅದರ ಮುಂದೆಯೂ.

ಕೊನೆಯ ಆಟದ ದಿನ ಮಳೆ ನಿಂತು ಮಧ್ಯಾಹ್ನ ಬೆಳ್ಳಗಾಗಿತ್ತು. ಕಾರ್ಖಾನೆಯ ಸದ್ದು ಕೂಡ ಇರಲಿಲ್ಲ. ನಾನು ಎರಡು ಕುರಿ ತಿಂದು, ರೂಢಿಯಂತೆ ಹಲಗೆಯ ನನ್ನ ಕಡೆಯ ಅಂಚಿನಲ್ಲಿ ಇಟ್ಟಿದ್ದೆ. ಅವಳು ನನ್ನ ಎರಡು ಹುಲಿಗಳನ್ನು ಕಟ್ಟಿದ್ದಳು. ಮೂರನೆಯದು ಸಡಿಲಾಗಿತ್ತು. ಅಕ್ಕ ಬಹಳ ಹೊತ್ತು ವಿಚಾರ ಮಾಡಿ ಒಂದು ಕುರಿಯನ್ನು ನನ್ನ ಹುಲಿಯ ಬಾಯಿಗೆ ತಂದು ಇಟ್ಟಳು. ಅದರ ಆಚೆಗೆ ಮೂಲೆಯ ಮನೆ ಖಾಲಿ. ಒಂದು ಸಣ್ಣ ಹುಡುಗನಿಗೂ ಕಾಣುವಂಥ ತಪ್ಪು.

ನನಗೆ ಕಣ್ಣು ತುಂಬಿ ಬಂತು. ಹೋಯಿತು, ಅಕ್ಕನ ತಲೆ ಹೋಯಿತು ಎಂದುಕೊಂಡೆ. ಕುರಿ ಕಾಣದವನಂತೆ ಹುಲಿಯನ್ನು ಬೇರೆ ಕಡೆಗೆ ಸರಿಸಿದೆ.

ಅಕ್ಕ ಹಲಗೆ ನೋಡಲಿಲ್ಲ. ನನ್ನ ಮುಖ ನೋಡಿದಳು.

"ಕುರಿ ಕಾಣಲಿಲ್ಲೇನೋ?"

"ಯಾವ ಕುರಿ? ಓ ಇದ... ಲಕ್ಷ್ಯ ಇರಲಿಲ್ಲ ಬಿಡಕ್ಕಾ."

"ನೀ ಚಡ್ಡಿ ಹಾಕೊಳ್ಳೂದಕ್ಕಿಂತ ಮದಲ ತೆರದ ಕುರಿ ತಿನ್ನಾಕ ಕಲತಾಂವ." ತೊದಲು ನಾಲಿಗೆಯಲ್ಲಿ ಒಂದೊಂದೇ ಮಾತು ಬಿಡಿಸಿ ಆಡಿದಳು. "ಯಾವಾಗಿಂದ ಹಿಂಗ ಆಡಾಕತ್ತಿ?"

ಕಳೆದ ಕೆಲವು ಸೋಮವಾರ ಮಾತ್ರ ಅಕ್ಕಾ, ಅದಕ್ಕಿಂತ ಹಿಂದೆ ನೀ ಗೆದ್ದದ್ದೆಲ್ಲ ಖರೇ ಎಂದು ಹೇಳಬಹುದಿತ್ತು. ಹೇಳಿದರೂ ನಂಬಿಕೆ ಹೇಗೆ ಬರಬೇಕು?

ಅವಳು ಎಡಗೈ ಚಾಚಿ ನನ್ನ ಹುಲಿಯನ್ನು ಮೊದಲಿದ್ದ ಮನೆಗೇ ತಿರುಗಿ ತಂದು ಇಟ್ಟಳು. ಆಡುವ ಸರದಿ ಮತ್ತೆ ನನ್ನದಾಯಿತು. ನನ್ನ ಕೈ ಏಳಲಿಲ್ಲ.

"ನನ್ನ ತಲಿ ನನಗ ಕಾಣ್ತಿದ್ದ ಕಿಂಡಿ ಇದೊಂದ ಇತ್ತು" ಎಂದಳು. "ಅದನ್ನ ನೀ ಮುಚ್ಚಿದಿ. ಬುಟ್ಟಿ ತಾ."

ಬುಟ್ಟಿ ತಂದು ಕವುಚಿದೆ. ಅಕ್ಕ ಸುನಂದಾಳನ್ನು ಕರೆದು, ಗಂಟು ಬಿಚ್ಚಲು ಬಾರದ ಎಡಗೈಯಿಂದಲೇ ಹೆಣಗಾಡಿ ಬಿಚ್ಚಿ, ಕೀಲಿಕೈ ಕೊಟ್ಟಳು. "ಇನ್ನ ನನಗ ಗೊತ್ತಾಗೂದಿಲ್ಲವಾ. ನೀನಽ ಇಟಕೋ." ಸುನಂದಾ ಏನೂ ತಿಳಿಯದೆ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಹುಡುಕುತ್ತಿದ್ದೆ.

ಆಮೇಲೆಯೂ ಸೋಮವಾರ ತಪ್ಪಿಸಲಿಲ್ಲ. ಅಕ್ಕ ಮಳೆ ಕೇಳಿದಳು, ಅಂಗಡಿ ಕೇಳಿದಳು, ಬೀಡಿಯ ಸುದ್ದಿ ಕೇಳಿದಳು. ಆಟದ ಮಾತು ಎತ್ತಲಿಲ್ಲ. ಹಲಗೆಯನ್ನು ಎದುರು ಗೋಡೆಯ ದೊಡ್ಡ ಗೂಡಿಗೆ ಎತ್ತಿಸಿ ಇಡಿಸಿದ್ದಳು, ಬುಟ್ಟಿ ಮುಚ್ಚಿದ ಹಾಗೆಯೇ. ನಾನು ಮಾತಾಡುವಾಗ ಅವಳ ಕಣ್ಣು ನನ್ನನ್ನು ದಾಟಿ ಆ ಬುಟ್ಟಿಯ ಮೇಲೆ ಹೋಗಿ ನಿಲ್ಲುತ್ತಿತ್ತು. ಚಳಿ ಸುರುವಾಗುವ ಹೊತ್ತಿಗೆ ಹೋದಳು.

ದಿನಕರ್ಮಗಳೆಲ್ಲ ಮುಗಿದ ಮೇಲೆ ಒಂದು ಸೋಮವಾರ ಹೋದೆ. ಕಾಲುಗಳು ರೂಢಿಯಿಂದ ಹೋದವು ಎಂದರೂ ಸರಿ. ಮಂಚದ ಹಾಸಿಗೆ ಸುತ್ತಿಟ್ಟಿದ್ದರು. ಸುನಂದಾ ಅಡುಗೆಮನೆಯಲ್ಲಿ ಚಹಾ ಇಟ್ಟಿದ್ದಳು. ಗೂಡಿನ ಮುಂದೆ ನಿಂತು ಬುಟ್ಟಿ ಎತ್ತಿದೆ.

ಹುಲಿ ಅಲ್ಲಿರಲಿಲ್ಲ.

ಅದು ಮೂಲೆಯ ಮನೆಯಲ್ಲಿ ಕೂತಿತ್ತು. ಅಕ್ಕ ತಂದಿಟ್ಟ ಆ ಕುರಿ ಅದರ ಜಾಗದಲ್ಲಿ ಇರಲಿಲ್ಲ. ಹಲಗೆಯ ಅಂಚಿನಲ್ಲಿ, ನಾನು ತಿಂದ ಕುರಿಗಳನ್ನು ಇಡುವಲ್ಲಿ, ಎರಡರ ಬದಲು ಮೂರು ಹುಣಸೆಬೀಜ ಇದ್ದವು. ಸಾಲು ಹಿಡಿದು, ನಾನು ಇಡುವ ರೀತಿಯಲ್ಲೇ. ನಾನು ಆಡದೆ ಬಿಟ್ಟ ಆಟವನ್ನು ಯಾರೋ ನನ್ನ ಪರವಾಗಿ ಆಡಿದ್ದರು.

"ಸುನಂದಾ, ಈ ಹಲಗಿ ಯಾರರೆ ಮುಟ್ಟಿದ್ರೇನವಾ?"

"ಇಲ್ರಿ ಮಾಮಾ. ಸಮಾ ಹಿಡಕೊಂಡ ಒಯ್ದ ಇಟ್ಟೇನ್ರಿ, ಅತ್ತಿಯಾರು ಮುಟ್ಟಗೊಡ್ತಿದ್ದಿಲ್ಲ. ನನಗೂ ಬರೂದಿಲ್ಲ, ಇವರಿಗೂ ಬರೂದಿಲ್ಲ ಆ ಆಟ."

"ಅಕ್ಕ ಎದ್ದಿದ್ಲೇನ ಯಾವಾಗರೆ?"

ಅವಳು ಬಾಗಿಲಲ್ಲಿ ನಿಂತು ನನ್ನನ್ನು ವಿಚಿತ್ರವಾಗಿ ನೋಡಿದಳು. "ಎಲ್ಲಿ ಏಳೂದ್ರಿ ಮಾಮಾ. ಮಗ್ಗಲಾ ಬದಲಿಸಬೇಕಂದ್ರೂ ನಾನಽ ಹೊಳ್ಳಿಸ್ತಿದ್ದೆ."

ಬಳೆಗಾರ ಬಂದ ದಿನ ನೆನಪಾಯಿತು. ಈ ಸಲ ಕಿವಿಯಲ್ಲಿ ಬಂದು ಹೇಡಿ ಎನ್ನುವವರು ಯಾರೂ ಇರಲಿಲ್ಲ. ನಿಂತುಕೊಂಡೇ ಹಲಗೆ ನೋಡಿದೆ. ನೋಡುತ್ತ ನೋಡುತ್ತ ಅಕ್ಕನ ಲೆಕ್ಕ ತಿಳಿಯಿತು.

ಕುರಿ ತಿಂದು ಮೂಲೆಗೆ ಹೋಗಿ ಕೂತ ಆ ಹುಲಿಗೆ ಹೊರಬರಲು ದಾರಿ ಒಂದೇ: ತಿಂದ ಕುರಿಯ ಖಾಲಿ ಮನೆ. ಆ ಮನೆಗೆ ತಾಗಿ ಅಕ್ಕನ ಇನ್ನೊಂದು ಕುರಿ ಮೊದಲಿನಿಂದಲೂ ಕಾದು ನಿಂತಿತ್ತು. ಅದು ಒಂದು ಹೆಜ್ಜೆ ಮುಂದೆ ಬಂದರೆ ಸಾಕು, ಬಾಗಿಲು ಮುಚ್ಚಿದಂತೆ. ಮೂಲೆಯಿಂದ ಹುಲಿ ಹಾರುವಂತಿಲ್ಲ. ಮೂರೂ ಹುಲಿ ಕಟ್ಟು. ಅದು ತಪ್ಪಲ್ಲ, ಬಲೆ. ಲಕ್ವಾ ಹೊಡೆದು ಮಲಗಿದ ನನ್ನ ಅಕ್ಕ, ತನ್ನ ಜನ್ಮದಲ್ಲೇ ಎಲ್ಲಕ್ಕಿಂತ ಚೆಂದದ ಆಟವನ್ನು ಆಡಿ ನನ್ನ ಮುಂದೆ ಇಟ್ಟಿದ್ದಳು. ನಾನು ಅದನ್ನು ನೋಡಿ ಪಾಪ ಎಂದೆ.

ಚಹಾ ಆರಿಹೋಯಿತು. ಸುನಂದಾಗೆ ಇದನ್ನೆಲ್ಲ ಹೇಳಲಿಕ್ಕೆ ಬಾಯಿ ಬರಲಿಲ್ಲ. ನಿನ್ನ ಸೊಂಟದಲ್ಲಿರುವ ಕೀಲಿಕೈ ಆ ದಿನ ನಿನಗೆ ಬರಬೇಕಾದದ್ದಲ್ಲ ಎಂದು ಈಗ ಹೇಳಿ ಯಾರಿಗೆ ಏನು ಬಂತು? ಬುಟ್ಟಿ ಕೈಯಲ್ಲೇ ಇತ್ತು. ಕವುಚಲಿಕ್ಕೆ ಹೋದವನು ನಿಂತೆ. ಅದನ್ನು ಗೋಡೆಗೆ ಒರಗಿಸಿ ಇಟ್ಟು, "ಇದನ್ನ ಹಿಂಗ ತೆರದ ಬಿಡವಾ" ಎಂದು ಹೇಳಿ ಬಂದೆ.

ಮರುದಿನ ಅಂಗಡಿಯ ನಾಲ್ಕೂ ಪೆಟ್ಟಿಗೆಗಳನ್ನು ಕಠಿಣಕ್ಕೆ ತಿರುಗಿಸಿದೆ. ಮಿಲಿಂದ ಬಂದ, ಸತ್ತ, ಮತ್ತೆ ಸತ್ತ, ಊಟದ ಹೊತ್ತು ಮುಗಿದದ್ದೂ ತಿಳಿಯದೆ ಸತ್ತ. ಕಚೇರಿಗೆ ಓಡುವಾಗ ಟಾಯಿಯನ್ನು ಉಲ್ಟಾ ಕಟ್ಟಿಕೊಳ್ಳುತ್ತ ಕೂಗಿದ: "ಕಾಕಾ, ಇವತ್ತ ಮಶೀನು ನನಗ ಮನಷ್ಯಾ ಅಂದ್ತು ನೋಡ್ರಿ!" ಹುಡುಗರು ಕೆಲವರು ಬೇರೆ ಅಂಗಡಿಗೆ ಹೋದರು. ಹೋಗಲಿ. ಟವೆಲ್ಲು ಹೊದಿಸುವ ಚಟ ಮಾತ್ರ ಹೋಗಿಲ್ಲ. ಪರದೆಯೊಳಗೆ ಆಡುವವನು ಯಾರೋ ನನಗೆ ಗೊತ್ತಿಲ್ಲ, ಅವನ ಮುಂದೆ ಕೂಡುವ ಧೈರ್ಯ ನನಗಿಲ್ಲ.

ಖಾನಾಪುರದ ಗೂಡು ಬೇರೆ. ಅಲ್ಲಿ ಯಾರ ಆಟ ಎಂಬುದು ನನಗೆ ಗೊತ್ತು. ಈಗಲೂ ಸೋಮವಾರ ಹೋಗುತ್ತೇನೆ. ಚಪ್ಪಲಿ ಬಿಟ್ಟು ಮೊದಲು ಗೂಡಿನ ಕಡೆ ನೋಡುತ್ತೇನೆ. ಸುನಂದಾ ಸುತ್ತಲಿನ ಧೂಳು ಒರೆಸಿ ಬೀಜಗಳನ್ನು ಮುಟ್ಟದೆ ಬಿಟ್ಟಿರುತ್ತಾಳೆ. ಹುಲಿ ಮೂಲೆಯಲ್ಲಿ ಕೂತಿರುತ್ತದೆ. ಅದರ ಹಿಂದಿನ ಮನೆ ಇನ್ನೂ ಖಾಲಿ. ಪಕ್ಕದ ಕುರಿ ಹೆಜ್ಜೆ ಎತ್ತಿಲ್ಲ.

ಮಂಚದ ಅಂಚಿಗೆ ಕೂತು ಕಾಯುತ್ತೇನೆ. ಗಾಡಿಯ ಹೊತ್ತಾದರೂ ಲಗೂನ ಆಡು ಎನ್ನುವುದಿಲ್ಲ. ಗೆಲುವು ಕೈಯಲ್ಲಿದ್ದಾಗ ಅಕ್ಕ ಯಾವಾಗಲೂ ಸಾವಕಾಶ. ವಿಚಾರ ಮಾಡುತ್ತಿದ್ದಾಳೆ. ಮಾಡಲಿ.